ಇನ್ನೂ ಸ್ವಲ್ಪ ಮುಂಚೆ

ಬಸ್ಸಿನ ಬಾಗಿಲ ಬಳಿ ನಿಂತು, ಹತ್ತುವವರಿಗೆಲ್ಲ ನಗೆಯ ಜೊತೆಗೊಂದು ನೀರಿನ ಬಾಟಲಿ ಕೊಡುತ್ತಿದ್ದ ಗೈಡಿಗೆ ಆ ಮನುಷ್ಯನ ಗುರುತು ಸಿಕ್ಕಿದ್ದು ಮುಖದಿಂದಲ್ಲ, ಕತ್ತಿನ ಹಿಂಭಾಗದಿಂದ. ಬಾಟಲಿ ಇಸಿದುಕೊಂಡು, ಅವಳ ಕಡೆ ನೋಡದೆಯೇ "ಥ್ಯಾಂಕ್ಸ್ ಅಮ್ಮ" ಎಂದು ಮೆಟ್ಟಿಲು ಹತ್ತಿದವನ ಕತ್ತಿನಲ್ಲಿ ಕಾಲರಿನ ಮೇಲಕ್ಕೆ ದಪ್ಪನೆಯ ಎರಡು ಮಡಿಕೆ, ಕೆಳಗಿನ ಮಡಿಕೆಯ ಅಂಚಿಗೆ ಕಡಲೆ ಬೇಳೆಯಷ್ಟು ಒಂದು ಮಚ್ಚೆ. ಮುಖ ನೋಡಿದ್ದರೆ ಅನುಮಾನಕ್ಕೆ ಜಾಗ ಇರುತ್ತಿತ್ತೇನೋ. ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಮುಖ ಅವಳೆದುರು ಇದ್ದದ್ದು ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು ಮಾತ್ರ. ಆದರೆ ಆ ಮಾತು ಆಡಿ ತಿರುಗಿ ನಡೆದವನ ಕತ್ತನ್ನು ಅವಳು ಕಾರಿಡಾರಿನ ಕೊನೆಯ ಬಾಗಿಲಿನವರೆಗೂ ನೋಡಿದ್ದಳು. ನೋಡುವುದಕ್ಕೆ ಆಗ ಬೇರೇನೂ ಇರಲಿಲ್ಲ. ಹಿಂದಿನಿಂದ ಬಂದ ಹೆಂಗಸು ಬಾಟಲಿಗಾಗಿ ಕೈ ಚಾಚಿ ನಿಂತೇ ಇದ್ದಳು. ಗೈಡು ಮತ್ತೆ ನಕ್ಕು ಬಾಟಲಿ ಕೊಟ್ಟಳು. ಅವಳ ನಗೆ ಕೆಲಸದ ಸಮವಸ್ತ್ರದ ಒಂದು ಭಾಗದಂತಿತ್ತು. ಒಳಗೆ ಏನೇ ಆಗಲಿ ಅದು ತನ್ನ ಪಾಡಿಗೆ ತಾನು ಮುಖದ ಮೇಲೆ ಕೂತಿರುತ್ತಿತ್ತು.

ಬಸ್ಸಿನ ತುಂಬ ಸರ್ಜನ್‌ಗಳು. ಸಮ್ಮೇಳನದ ಕೊನೆಯ ದಿನ ಅವರನ್ನೆಲ್ಲ ಎರಡು ಹಳೆಯ ಊರುಗಳಿಗೆ ಸುತ್ತಾಡಿಸಿ ಸಂಜೆಯೊಳಗೆ ಹೋಟೆಲಿಗೆ ತಂದು ಬಿಡುವುದು ಅವಳ ಕೆಲಸ. ಸಮ್ಮೇಳನದ ಕಾರ್ಯದರ್ಶಿ ಕೊರಳಲ್ಲಿ ಬ್ಯಾಡ್ಜಿನ ಜೊತೆಗೆ ಒಂದು ಸೀಟಿಯನ್ನೂ ನೇತುಹಾಕಿಕೊಂಡು ಬಂದಿದ್ದ. ಡ್ರೈವರು ಅವನಿಗೆ ಆಗಲೇ ಪೀಪಿ ಎಂದು ಹೆಸರಿಟ್ಟಾಗಿತ್ತು. ಪೀಪಿ ಊದಿದ ಮೇಲೆ ಬಸ್ಸು ಹೊರಟಿತು. ಅವಳು ಮೈಕು ಹಿಡಿದು, ಗೊತ್ತಿದ್ದ ಮಾತುಗಳನ್ನು ಗೊತ್ತಿದ್ದ ಧಾಟಿಯಲ್ಲಿ ಶುರುಮಾಡಿದಳು. ಎದುರಿಗೆ ಮೂರನೆಯ ಸಾಲಿನಲ್ಲಿ ಅವನು ಕಿಟಕಿಗೆ ತಲೆ ಆನಿಸಿ ಕೂತಿದ್ದ. ಕೇಳುತ್ತಿದ್ದ ಬೇರೆ. ಉಳಿದವರು ಫೋನಿನಲ್ಲಿ ಮುಖ ಹುದುಗಿಸಿದ್ದರೆ ಅವನೊಬ್ಬ ಅವಳ ಬಾಯನ್ನೇ ನೋಡುತ್ತ, ತಲೆದೂಗುತ್ತ, ಕೋಟೆ ಕಟ್ಟಿಸಿದ್ದು ತಂದೆಯೋ ಮಗನೋ ಎಂದು ಕೈ ಎತ್ತಿ ಕೇಳಿದ. ಇಷ್ಟು ವರ್ಷ ಮನಸ್ಸಿನಲ್ಲಿ ಅವಳು ಅವನನ್ನು ಏಕವಚನದಲ್ಲೇ ಕರೆದಿದ್ದಳು. ರಾತ್ರಿ ಎಚ್ಚರವಾದಾಗಲೆಲ್ಲ ಎಳೆದು ತಂದು ನಿಲ್ಲಿಸಿ ಬಾಯಿಗೆ ಬಂದಂತೆ ಬಯ್ದಿದ್ದಳು. ಈಗ ಅದೇ ನಾಲಿಗೆ "ಒಳ್ಳೇ ಪ್ರಶ್ನೆ ಕೇಳಿದ್ರಿ ಡಾಕ್ಟ್ರೇ" ಎಂದಿತು. ನಾಲಿಗೆಯ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು.

ಇನ್ನೂ ಸ್ವಲ್ಪ ಮುಂಚೆ ಕರ್ಕೊಂಡು ಬರ್ಬೇಕಿತ್ತು. ಅವನು ಅಂದು ಹೇಳಿದ್ದು ಇಷ್ಟೇ. ಹೇಳುವಾಗ ಅವಳ ಭುಜದ ಮೇಲೆ ಅಂಗೈ ಇಟ್ಟಿದ್ದ, ಹಗುರಾಗಿ, ಮೇಜಿನ ಮೇಲೆ ಪುಸ್ತಕ ಇಡುವ ಹಾಗೆ. ಅಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ ಆ ವಾರ ಪ್ರವಾಸಿಗಳ ಕಾಲ. ದಿನ ಬೆಳಗಾದರೆ ಒಂದು ಗುಂಪು. ಬೆಳಿಗ್ಗೆ ಹೊರಡುವಾಗ ಗ್ಯಾಸಿನ ಔಷಧಿಯನ್ನು ಚಮಚದಲ್ಲಿ ಕುಡಿಸಿ, ಸಂಜೆ ಬಂದ ಮೇಲೆ ಆಸ್ಪತ್ರೆಗೆ ಹೋಗೋಣ ಅನ್ನುತ್ತಿದ್ದಳು. ಸಂಜೆ ಬಂದಾಗ ಕಾಲುಗಳು ಮರದ ಕೊರಡಾಗಿರುತ್ತಿದ್ದವು. ಅಮ್ಮನೇ ಬೇಡ ಅಂದಿರಲಿಲ್ಲವೆ, ನಿನ್ನ ಕೆಲಸ ಮುಗೀಲಿ ಅಂದಿರಲಿಲ್ಲವೆ. ಅಂದಿದ್ದಳು. ಆದರೆ ಅಂದದ್ದು ಕೇಳಿ ಅವಳಿಗೆ ಸಮಾಧಾನವಾಗಿತ್ತು, ಅದೇ ತೊಂದರೆ. ಬೇರೆ ಊರಿನಲ್ಲಿದ್ದ ಅಕ್ಕ ಫೋನಿನಲ್ಲಿ ಇವತ್ತೇ ಕರೆದುಕೊಂಡು ಹೋಗು ಎಂದು ಕೂಗಾಡಿದ್ದಳು. ದೂರದಲ್ಲಿ ಕೂತು ಹೇಳುವುದು ಸುಲಭ ಎಂದು ಅವಳೂ ಕೂಗಿದ್ದಳು. ಕೊನೆಗೆ ಕಾರಿಡಾರಿನಲ್ಲಿ ಕೇಳಿದ ಆ ಮಾತನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಒಪ್ಪಿಸಿದವಳೂ ಅವಳೇ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅಕ್ಕ ಬಂದಳು, ಆಗಬೇಕಾದ್ದನ್ನೆಲ್ಲ ಮಾಡಿದಳು, ಅಮ್ಮನ ಕನ್ನಡಕವೊಂದನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಮತ್ತೆ ಮಾತಾಡಲಿಲ್ಲ. ಒಂದೇ ಒಂದು ಮಾತು, ಅದೂ ಪರರ ಮಾತು, ಒಡಹುಟ್ಟಿದವರ ನಡುವೆ ಗೋಡೆಯಾಗಿ ನಿಂತಿತು. ಆ ಗೋಡೆ ಕಟ್ಟಿದವನು ಈಗ ಕೋಟೆಯ ಬುರುಜುಗಳ ಬಗ್ಗೆ ತಿಳಿಯಲು ಬಂದಿದ್ದಾನೆ.

ಮೊದಲನೆಯ ಊರಿನಲ್ಲಿ ಕೋಟೆ, ಹೆಬ್ಬಾಗಿಲು, ಅದರ ಹಿಂದೆ ಸೂರು ಹಾರಿಹೋದ ಒಂದು ಉದ್ದನೆಯ ಕಟ್ಟಡ. ಹಿಂದಿನ ಕಾಲದಲ್ಲಿ ಸಾಂಕ್ರಾಮಿಕ ರೋಗ ಬಂದವರನ್ನು ತಂದು ಹಾಕುತ್ತಿದ್ದ ಜಾಗ. ಅವಳು ಇಲ್ಲಿ ಎಂದೂ ಹೆಚ್ಚು ಹೊತ್ತು ನಿಲ್ಲಿಸಿದವಳಲ್ಲ. ಇಂದು ನಿಲ್ಲಿಸಿದಳು. ಬಿಸಿಲು ನೇರ ತಲೆಯ ಮೇಲೆ ಬೀಳುವ ಕಡೆ ಅವರನ್ನೆಲ್ಲ ನಿಲ್ಲಿಸಿ, ತಾನು ಗೋಡೆಯ ನೆರಳಿನಲ್ಲಿ ನಿಂತು, ಹಿಂದೆಂದೂ ಹೇಳದ ಒಂದು ಕಥೆ ಹೇಳತೊಡಗಿದಳು. ಈ ಊರಿನಲ್ಲಿ ಒಬ್ಬ ವೈದ್ಯನಿದ್ದ. ಸತ್ತವರ ಮನೆಯವರಿಗೆ ಅವನು ಏನು ಹೇಳಿದನೋ ಅದನ್ನು ಊರವರು ನೆನಪಿಟ್ಟುಕೊಂಡರು. ರೋಗ ಇಳಿದ ಮೇಲೆ ಅವನನ್ನು ಹಿಡಿದು ತಂದು ಇದೇ ಕಲ್ಲಿನ ಮೇಲೆ ನಿಲ್ಲಿಸಿ, ಒಬ್ಬೊಬ್ಬರಿಗೆ ಹೇಳಿದ್ದನ್ನೂ ಗಟ್ಟಿಯಾಗಿ ಮತ್ತೆ ಹೇಳು ಎಂದರು. ಹೇಳುತ್ತ ಹೇಳುತ್ತ ಬಾಯಾರಿದರೂ ನೀರು ಕೊಡಲಿಲ್ಲ. ಎಲ್ಲಿಂದ ಬರುತ್ತಿತ್ತೋ ಕಥೆ, ಅವಳಿಗೇ ಗೊತ್ತಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳ ಬೆನ್ನು ಬೆವರಿ ರವಿಕೆ ಅಂಟಿಕೊಂಡಿತು. ಒಬ್ಬರಿಬ್ಬರು ನಕ್ಕರು. ಸದ್ಯ ನಾವು ಆಗ ಹುಟ್ಟಿರಲಿಲ್ಲ ಎಂದು ಯಾರೋ ಹೇಳಿ ಇನ್ನಷ್ಟು ನಗಿಸಿದರು. ಅವಳು ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ಒಂದು ಗೆರೆಯಾದರೂ ಅಲುಗಬೇಕಿತ್ತು. ಅವನು ಹಣೆಗೆ ಕೈಮರೆ ಮಾಡಿ ಆ ಕಲ್ಲನ್ನು ಶ್ರದ್ಧೆಯಿಂದ ನೋಡಿದ, ಫೋಟೋ ತೆಗೆದ, ಇದು ಯಾವ ಶತಮಾನದ್ದು ಎಂದು ಕೇಳಿದ. ಬಾಯಿಗೆ ಬಂದ ಶತಮಾನ ಹೇಳಿದಳು.

ಊಟಕ್ಕೆ ಎರಡೂ ಊರುಗಳ ನಡುವಿನ ಒಂದು ಹೋಟೆಲು. ಉದ್ದನೆಯ ಮೇಜಿನ ತುದಿಯಲ್ಲಿ ಅವನು, ಸುತ್ತ ಅವನ ಹಳೆಯ ವಿದ್ಯಾರ್ಥಿಗಳಂತೆ ಕಾಣುವ ನಾಲ್ಕಾರು ಜನ. ಅವನಿಗೆ ಅವರೆಲ್ಲ ಬಡಿಸುತ್ತಿದ್ದರು. ಅವನು ಬೇಡ ಬೇಡ ಎನ್ನುತ್ತ ಬಡಿಸಿಕೊಳ್ಳುತ್ತಿದ್ದ. ಗೈಡುಗಳಿಗೂ ಡ್ರೈವರುಗಳಿಗೂ ಅಡುಗೆಮನೆಯ ಬಾಗಿಲ ಬಳಿ ಬೇರೆ ಮೇಜು. ಅವಳು ತಟ್ಟೆ ಹಿಡಿದು ಅವರ ಹಿಂದಿನಿಂದ ಹಾದು ಹೋಗುತ್ತಿದ್ದಾಗ, ಯುವ ಡಾಕ್ಟರೊಬ್ಬಳು ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಎದ್ದ ಬೊಕ್ಕೆಯನ್ನು ತೋರಿಸುತ್ತ, ಸರ್, ಇದಕ್ಕೇನಾದರೂ ಇದೆಯಾ ಎಂದಳು. ಅವನು ಬಗ್ಗಿ ನೋಡಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಬಿಡಿಸಿ ಆ ಹುಡುಗಿಯ ಭುಜದ ಮೇಲೆ ಅಂಗೈ ಇಟ್ಟು, ಮುಖ ಗಂಭೀರ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ, ಶಾಲೆಯ ಮಕ್ಕಳು ಪದ್ಯ ಹೇಳುವ ಹಾಗೆ, "ಇನ್ನೂ ಸ್ವಲ್ಪ ಮುಂಚೆ ಕರ್ಕೊಂಡು ಬರ್ಬೇಕಿತ್ತು" ಎಂದರು. ಅವನ ಧ್ವನಿ, ಅವನ ಎಳೆತ, ಕೊನೆಯಲ್ಲಿ ಅವನು ಬಿಡುವ ಆ ಸಣ್ಣ ಉಸಿರು ಕೂಡ. ಸರ್ ಡೈಲಾಗು, ಸರ್ ಡೈಲಾಗು ಎಂದು ಒಬ್ಬ ಮೇಜು ಬಡಿದ. ಅವನೂ ನಾಚಿಕೊಂಡು ನಕ್ಕ, ಹಲ್ಲಿಗೆ ರೊಟ್ಟಿ ಅಂಟಿತ್ತು.

ಅವಳು ಅಡುಗೆಮನೆಯ ಬಾಗಿಲ ಮೇಜಿಗೆ ಹೋಗಿ ಕೂತಳು. ಡ್ರೈವರು ಏನೋ ಕೇಳಿದ, ಹೂಂ ಅಂದಳು. ಅನ್ನ ಕಲಸಿದಳು, ಬಿಟ್ಟಳು. ಈ ಮಾತಿಗಾಗಿಯೇ ಇಷ್ಟು ವರ್ಷ ಬೆಂದಿದ್ದೆನೆ ಎಂದುಕೊಂಡಳು. ತನಗೆಂದೇ ಹೇಳಿದ್ದು, ತನ್ನ ಮುಖ ನೋಡಿ, ತನ್ನ ಒಳಗನ್ನು ಓದಿ, ಆ ಗ್ಯಾಸಿನ ಔಷಧಿಯ ಚಮಚವನ್ನೂ ಕೊರಡಾದ ಕಾಲುಗಳನ್ನೂ ಕಂಡು ಹೇಳಿದ ಮಾತು ಎಂದು ಅವಳು ನಂಬಿದ್ದಳು. ಶಿಕ್ಷೆಯಾದರೂ ಅದು ತನ್ನದೇ ಅಳತೆಗೆ ಹೊಲಿದದ್ದು ಎಂಬ ಒಂದು ಬಗೆಯ ಹೆಮ್ಮೆ ಕೂಡ ಇತ್ತೇನೋ. ಈಗ ನೋಡಿದರೆ ಅಂಗಡಿಯಲ್ಲಿ ಎಲ್ಲರಿಗೂ ಹಂಚುವ ಕ್ಯಾಲೆಂಡರು. ಎಷ್ಟು ಮನೆಗಳ ಗೋಡೆಯಲ್ಲಿ ನೇತಾಡುತ್ತಿದೆಯೋ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಟ್ಟೆ ಸರಿಸಿ ಎದ್ದು ಹೋಗಿ ಮುಖ ತೊಳೆದುಕೊಂಡಳು. ಕನ್ನಡಿಯಲ್ಲಿ ನಗೆ ತನ್ನ ಜಾಗದಲ್ಲೇ ಇತ್ತು.

ಎರಡನೆಯ ಊರಿನ ಚೌಕದ ಅಡಿಯಲ್ಲಿ ಒಂದು ಹಳೆಯ ನೀರಿನ ತೊಟ್ಟಿ. ಮುತ್ತಿಗೆಯ ಕಾಲದಲ್ಲಿ ಊರಿನವರಿಗೆ ನೀರು ಸಿಗಲೆಂದು ನೆಲದ ಕೆಳಗೆ ಕಂಬಗಳ ಮೇಲೆ ಕಟ್ಟಿದ್ದು. ಕಬ್ಬಿಣದ ಬಾಗಿಲು ತೆಗೆದು, ಪಕ್ಕದ ಗೋಡೆಯ ಸ್ವಿಚ್ಚು ಹಾಕಿ, ಕಲ್ಲಿನ ಮೆಟ್ಟಿಲು ಇಳಿಯಬೇಕು. ಬಾಗಿಲ ಕೀಲಿ ಗೈಡುಗಳ ಹತ್ತಿರವೇ ಇರುತ್ತದೆ. ಕೆಳಗೆ ತಣ್ಣಗೆ, ಪಾಚಿಯ ವಾಸನೆ, ಕಂಬಗಳ ನೆರಳು ನೀರಿನಲ್ಲಿ ಉದ್ದುದ್ದಕ್ಕೆ ಬಿದ್ದು ಇನ್ನೊಂದು ತೊಟ್ಟಿ ಇದರಡಿಗೆ ಇದ್ದಂತೆ ಕಾಣುತ್ತಿತ್ತು. ಅವಳು ಮಾತು ಮುಗಿಸಿದಳು. ಪೀಪಿ ಊದಿದ, ಕಂಬಗಳೆಲ್ಲ ಒಂದೊಂದು ಸಲ ಊದಿ ಹಿಂತಿರುಗಿಸಿದವು. ಎಲ್ಲರೂ ಮೇಲೆ ಹತ್ತಿದರು. ಅವನು ದೂರದ ಕಂಬದ ಹಿಂದೆ, ಕಲ್ಲಿನ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರಿಗೆ ಬೆರಳು ಅದ್ದುತ್ತಿದ್ದ. ಫೋನನ್ನು ಚಾರ್ಜಿಗೆಂದು ಡ್ರೈವರಿಗೆ ಕೊಟ್ಟು ಬಂದಿದ್ದನ್ನು ಅವಳು ನೋಡಿದ್ದಳು. ಅವಳು ಕರೆಯಲಿಲ್ಲ. ಕೊನೆಯವಳಾಗಿ ಮೇಲೆ ಬಂದು, ಬಾಗಿಲ ಹೊರಗೆ ನಿಂತು ಒಂದು ಉಸಿರು ಎಳೆದುಕೊಂಡಳು. ಆಮೇಲೆ ಸ್ವಿಚ್ಚು ಆರಿಸಿದಳು. ಬಾಗಿಲು ಎಳೆದು ಬೀಗ ಹಾಕಿದಳು. ಪೀಪಿ ಎಲ್ಲರೂ ಬಂದರಾ ಎಂದು ಕೇಳಿದ. ಬಂದರು ಎಂದಳು.

ಗಡಿಯಾರದ ಗೋಪುರದ ಕೆಳಗೆ ನಿಂತು ಅವಳು ಗಡಿಯಾರದ ಕಥೆ ಹೇಳಿದಳು. ಎಂದಿಗಿಂತ ಚೆನ್ನಾಗಿ ಹೇಳಿದಳು. ಮುಳ್ಳುಗಳನ್ನು ಎಲ್ಲಿಂದ ತಂದರು, ಊರಿನವರು ಹೊಸ ವೇಳೆಗೆ ಹೇಗೆ ಒಗ್ಗದೆ ಜಗಳವಾಡಿದರು, ಕೀಲಿ ಕೊಡುವವನು ಒಂದು ದಿನ ಕುಡಿದು ಮಲಗಿದಾಗ ಊರಿಗೆ ಊರೇ ಹೇಗೆ ತಡವಾಯಿತು. ಜನ ಫೋನಿನಿಂದ ತಲೆಯೆತ್ತಿ ಕೇಳಿದರು. ಕಾಲ ಕೆಳಗೆ ಚೌಕದ ಕಲ್ಲುಹಾಸು, ಅದರ ಕೆಳಗೆ ಅವನು. ಕೂಗುತ್ತಿರಬಹುದು. ಮೆಟ್ಟಿಲು ತಡವಿಕೊಂಡು ಬರುವಾಗ ಕಾಲು ಜಾರಿದರೆ? ಅಮ್ಮನ ವಯಸ್ಸಿಗೆ ಹತ್ತಿರದ ವಯಸ್ಸು. ಜಾರಲಿ ಅನ್ನಿಸಿತು. ಅನ್ನಿಸಿದ ಮರುಗಳಿಗೆ ಅವನು ನೀರಿನಲ್ಲಿ ಕವುಚಿ ಬಿದ್ದಂತೆ, ಆ ಕತ್ತು, ಆ ಎರಡು ಮಡಿಕೆ ನೀರಿನ ಮೇಲೆ ತೇಲಿದಂತೆ ಕಣ್ಣಿಗೆ ಕಟ್ಟಿತು. ಮಾತು ತೊದಲಿತು. ಛತ್ರಿ ಕೆಳಗೆ ಬಿಟ್ಟು ಬಂದಿದ್ದೇನೆ, ನೀವು ಅಂಗಡಿಗಳನ್ನು ನೋಡುತ್ತಿರಿ ಎಂದು ಹೇಳಿ ಅವಳು ಓಡಲೂ ಆಗದೆ ನಡೆಯಲೂ ಆಗದೆ ಚೌಕ ದಾಟಿದಳು. ಛತ್ರಿ ಅವಳ ಕಂಕುಳಲ್ಲೇ ಇತ್ತು.

ಅವನು ಮೆಟ್ಟಿಲುಗಳ ನಡುವೆ, ಗೋಡೆಗೆ ಒರಗಿ ಕೂತಿದ್ದ. ದೀಪ ಬಂದಾಗ ಕಣ್ಣು ಕಿರಿದು ಮಾಡಿ ನೋಡಿದ. ಮುಖ ಬೂದಿಯಂತಾಗಿತ್ತು, ಒಂದು ಮಂಡಿಯ ಬಳಿ ಪ್ಯಾಂಟು ಹರಿದಿತ್ತು. ಎದ್ದೇಳಲಿಲ್ಲ.

"ಮರೆತು ಹೋದ್ರಿ ಅಂದ್ಕೊಂಡೆ ಮೊದಲು," ಎಂದ. "ಆಮೇಲೆ ನೆನಪಾಯ್ತು, ಬಾಗಿಲು ಎಳೆಯೋ ಮುಂಚೆ ನೀವು ಸುಮ್ನೆ ನಿಂತಿದ್ರಿ. ಬೆಳಕಲ್ಲಿ ನಿಮ್ಮ ನೆರಳು ಕೆಳಗೆ ಕಾಣಿಸ್ತಿತ್ತು. ಯಾಕೆ?"

ಏನೇನೋ ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದಳು. "ನಮ್ಮಮ್ಮನ ಹೊಟ್ಟೆ ಕೊಯ್ದೋರು ನೀವು," ಎಂದು ಮಾತ್ರ ಬಂತು.

ಅವನು ಯಾವಾಗ ಎಂದು ಕೇಳಿದ. ಯಾವ ಆಸ್ಪತ್ರೆ, ವಯಸ್ಸೆಷ್ಟು, ನೋವು ಮೊದಲು ಎಲ್ಲಿ ಶುರುವಾಯಿತು, ವಾಂತಿ ಇತ್ತೇ, ಹೊಟ್ಟೆ ಗಟ್ಟಿಯಾಗಿತ್ತೇ ಎಂದು ಒಂದೊಂದಾಗಿ ಕೇಳಿದ. ಕೇಳುತ್ತ ಕೇಳುತ್ತ ಅವನ ಧ್ವನಿ ಗಟ್ಟಿಯಾಯಿತು, ಮುಖಕ್ಕೆ ಬಣ್ಣ ಬಂತು. ಅವಳು ಅವನಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರೂ ಪರೀಕ್ಷೆಗೆ ಬಂದವಳಂತೆ ಉತ್ತರ ಕೊಟ್ಟಳು. ತಡ ಯಾಕಾಯಿತು ಎಂದಾಗ, ನನಗೆ ಕೆಲಸ ಇತ್ತು ಎಂದಳು. ಎಲ್ಲಿ ಎಂದು ಅವನು ಕೇಳಲಿಲ್ಲ, ಆದರೂ ಹೇಳಿದಳು: "ಇಲ್ಲೇ. ಇದೇ ಊರು ತೋರಿಸ್ತಿದ್ದೆ."

ಅವನು ಇಲ್ಲವೆಂದು ತಲೆಯಾಡಿಸಿದ. ಅವನಿಗೆ ಅವಳ ಅಮ್ಮ ನೆನಪಿರಲಿಲ್ಲ. ನೆನಪಿದ್ದಂತೆ ನಟಿಸಲೂ ಇಲ್ಲ.

"ಆ ಮಾತು ಎಲ್ಲರಿಗೂ ಹೇಳ್ತೀರಂತೆ. ಊಟದ ಹೊತ್ತಲ್ಲಿ ಕೇಳಿಸ್ಕೊಂಡೆ," ಎಂದಳು.

"ಹೇಳ್ತೀನಿ," ಎಂದ ಅವನು. "ಹೇಳದಿದ್ರೆ ನನ್ನ ಕಾಲರ್ ಹಿಡೀತಾರೆ. ಹೇಳಿದ್ರೆ ಮನೆಗೆ ಹೋಗಿ ಒಬ್ಬರದೊಬ್ಬರು ಹಿಡ್ಕೊತಾರೆ. ವಯಸ್ಸಿದ್ದಾಗ ಎರಡು ಸಲ ಏಟು ತಿಂದಿದ್ದೀನಿ. ಆಮೇಲೆ ಕಲಿತೆ."

"ಹಾಗಾದ್ರೆ ಅದು ಸುಳ್ಳು."

"ಎಲ್ಲರಿಗೂ ಹೇಳ್ತೀನಿ ಅಂದೆ. ಸುಳ್ಳು ಅನ್ನಲಿಲ್ಲ." ಅವನು ಗೋಡೆ ಹಿಡಿದು ಎದ್ದ. "ನೀವು ಈಗ ಹೇಳಿದ್ದು ಕೇಳಿದ್ರೆ, ನಿಮ್ಮ ತಾಯಿ ವಿಷಯದಲ್ಲಿ ಅದು ನಿಜವೇ ಇದ್ದಿರಬೇಕು. ಸರಿ, ಕೈ ಕೊಡಿ, ಮಂಡಿ ನೋಯ್ತಿದೆ."

ಅವಳು ಕೈ ಕೊಟ್ಟಳು. ಬೆಚ್ಚಗಿನ, ಒಣಗಿದ, ಬಲವಾದ ಕೈ. ಅವನ ಭಾರವೆಲ್ಲ ಅವಳ ತೋಳಿನ ಮೇಲೆ ಬಿತ್ತು. ಹಾಗೇ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಬಿಡದಿದ್ದದ್ದಕ್ಕೆ ತನ್ನ ಮೇಲೆ ತನಗೆ ಗೌರವ ಹುಟ್ಟಲೂ ಇಲ್ಲ. ಮೆಟ್ಟಿಲ ಕೊನೆಯಲ್ಲಿ ಅವನು ಏದುಸಿರು ಬಿಡುತ್ತ ನಿಂತು, ಆ ವೈದ್ಯನ ಕಥೆ ನೀವೇ ಕಟ್ಟಿದ್ದು ಅಲ್ಲವೇ ಎಂದು ಕೇಳಿದ. ಅವಳು ಬೀಗ ಹಾಕುತ್ತಿದ್ದಳು. ಚೆನ್ನಾಗಿತ್ತು ಎಂದ ಅವನು.

ಬಸ್ಸಿನಲ್ಲಿ ಎಲ್ಲರೂ ಕೂತ ಮೇಲೆ ಅವನು ಎದ್ದು ನಿಂತು ಅವಳಿಂದ ಮೈಕು ಇಸಿದುಕೊಂಡ. ಈಗ ಹೇಳುತ್ತಾನೆ, ಪೀಪಿ ಊದುತ್ತಾನೆ, ಕೆಲಸ ಹೋಗುತ್ತದೆ, ಹೋಗಲಿ ಎಂದು ಹಲ್ಲು ಕಚ್ಚಿ ನಿಂತಳು. ಅವನು ತನ್ನ ಹರಿದ ಪ್ಯಾಂಟು ತೋರಿಸಿ, ಮುದುಕನೊಬ್ಬ ನೀರಿನಲ್ಲಿ ತನ್ನ ಮುಖ ನೋಡುತ್ತ ಮೈಮರೆತು ಪಾತಾಳದಲ್ಲಿ ಉಳಿದುಹೋದದ್ದನ್ನೂ, ಗೈಡಮ್ಮ ಹುಡುಕಿ ಬರದಿದ್ದರೆ ಮುಂದಿನ ಸಮ್ಮೇಳನದವರಿಗೆ ಅವನೇ ಒಂದು ನೋಟವಾಗುತ್ತಿದ್ದುದನ್ನೂ ನಗೆ ಬರಿಸುವಂತೆ ಹೇಳಿದ. ಎಲ್ಲರೂ ಅವಳಿಗಾಗಿ ಚಪ್ಪಾಳೆ ತಟ್ಟಿದರು. ಬೊಕ್ಕೆಯ ಹಿಮ್ಮಡಿಯವಳು ಸೀಟಿನ ಮೇಲೆ ಮಂಡಿಯೂರಿ ತಟ್ಟಿದಳು. ಚಪ್ಪಾಳೆ ಮುಗಿಯುವವರೆಗೂ ಗೈಡು ನಗುತ್ತ ನಿಂತಿರಬೇಕಾಯಿತು. ಬಯ್ದಿದ್ದರೆ, ದೂರು ಕೊಟ್ಟಿದ್ದರೆ, ಇಬ್ಬರ ನಡುವೆ ಏನಾದರೂ ಇರುತ್ತಿತ್ತು. ಇದನ್ನೂ ಅವನು ಕೈತೊಳೆದು ಒರೆಸಿಕೊಂಡ ಹಾಗೆ ಮುಗಿಸಿದ್ದ. ಮೈಕು ಹಿಂದಕ್ಕೆ ಕೊಟ್ಟು, ಕಿಟಕಿಗೆ ತಲೆಯಿಟ್ಟು, ಬಸ್ಸು ಊರು ದಾಟುವ ಮೊದಲೇ ನಿದ್ದೆ ಹೋದ.

ಹೊತ್ತು ಇಳಿಯುತ್ತಿತ್ತು. ಬಸ್ಸಿನಲ್ಲಿ ಮಾತು ಕಡಿಮೆಯಾಗಿ ಗೊರಕೆ ಕೇಳತೊಡಗಿತು. ಅವಳು ಡ್ರೈವರಿನ ಪಕ್ಕದ ಮಡಿಚುವ ಸೀಟಿನಲ್ಲಿ ಕೂತು ಅಕ್ಕನ ನಂಬರು ಒತ್ತಿದಳು. ಹಿಂದೆ ಎಷ್ಟೋ ಸಲ ಒತ್ತಿ, ಒಂದು ರಿಂಗಾಗುವುದರೊಳಗೆ ಕಟ್ ಮಾಡಿದ್ದಿತ್ತು. ಈ ಸಲ ಮಾಡಲಿಲ್ಲ. ಅಕ್ಕ ನಿನ್ನೆ ತಾನೇ ಮಾತಾಡಿದ ಹಾಗೆ "ಹೇಳು" ಎಂದಳು. ಧ್ವನಿ ದಪ್ಪಗಾಗಿತ್ತು. ಹಿಂದೆ ಎಲ್ಲೋ ನಲ್ಲಿಯಿಂದ ನೀರು ಬೀಳುತ್ತಿತ್ತು. ಅವಳು ಬಾಯಿಗೆ ಕೈ ಅಡ್ಡ ಇಟ್ಟು, ಬಾಟಲಿ ಕೊಟ್ಟದ್ದರಿಂದ ಚಪ್ಪಾಳೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಎಲ್ಲರಿಗೂ ಅದನ್ನೇ ಹೇಳುತ್ತಾನೆ ಕಣೇ ಅಕ್ಕ, ಅದು ಅವನ ಬಾಯಿಪಾಠ, ಆ ಒಂದು ಮಾತಿಗೆ ನಾವು ಇಷ್ಟು ವರ್ಷ ಎಂದು ಮುಂದೆ ಹೇಳಲಾಗದೆ ನಿಂತಳು. ಅವನು ಕೊನೆಯಲ್ಲಿ ನಿಜವೇ ಇದ್ದಿರಬೇಕು ಅಂದದ್ದನ್ನು ಹೇಳಲಿಲ್ಲ. ಆಮೇಲೆ ಅದನ್ನೂ ಹೇಳಿದಳು.

ನಲ್ಲಿ ನಿಂತಿತು.

"ಅದಕ್ಕೆ ಮಾತು ಬಿಟ್ಟೆ ಅಂದ್ಕೊಂಡಿದ್ದೀಯಾ ನೀನು?" ಎಂದಳು ಅಕ್ಕ. "ಆ ಡಾಕ್ಟರ್ ಏನಂದ ಅಂತ ನಾನು ತಲೆಗೆ ಹಚ್ಕೊಂಡೇ ಇಲ್ಲ. ಅವತ್ತು ಫೋನ್ ಮಾಡಿ ನೀನು ಏನಂದೆ, ಜ್ಞಾಪಕ ಇದೆಯಾ?"

ಅವಳು ಅವನ ಮಾತನ್ನು ಹೇಳಿದೆ ಎಂದಳು.

"ಅದು ಆಮೇಲೆ. ಫೋನ್ ಎತ್ತಿದ ತಕ್ಷಣ 'ನಂದೇನೂ ತಪ್ಪಿಲ್ಲ' ಅಂದೆ. ಅದೇ ಮೊದಲ ಮಾತು. ಏನು ತಪ್ಪಿಲ್ಲ, ಯಾಕೆ ತಪ್ಪಿಲ್ಲ ಅಂತ ನಾನು ಕೇಳ್ತಾನೇ ಇದ್ದೀನಿ, ನೀನು ಅದನ್ನೇ ಹೇಳ್ತಾನೇ ಇದ್ದೀಯ. ಅಮ್ಮ ಹೋದ್ಲು ಅಂತ ನೀನು ನಂಗೆ ಹೇಳಲೇ ಇಲ್ಲ. ನಾನೇ ಅರ್ಥ ಮಾಡ್ಕೊಂಡೆ. ಗ್ಯಾಸ್ ಒಲೆ ಮುಂದೆ ನಿಂತ್ಕೊಂಡು ಒಬ್ಬಳೇ ಅರ್ಥ ಮಾಡ್ಕೊಂಡೆ."

ಅವಳಿಗೆ ಅದು ನೆನಪಿರಲಿಲ್ಲ. ಕಾರಿಡಾರು ನೆನಪಿತ್ತು, ಭುಜದ ಮೇಲಿನ ಅಂಗೈ, ಕತ್ತಿನ ಮಚ್ಚೆ, ನೆಲದ ಮೇಲೆ ಒರೆಸದೆ ಬಿಟ್ಟಿದ್ದ ಚಹಾದ ಕಲೆ ಕೂಡ ನೆನಪಿತ್ತು. ಫೋನು ಹಿಡಿದ ತನ್ನ ಬಾಯಿ ಮಾತ್ರ ನೆನಪಿರಲಿಲ್ಲ. ಆದರೆ ಅಕ್ಕ ಹೇಳಿದ ಕೂಡಲೇ ಅದು ನಿಜವೆಂದು ಗೊತ್ತಾಯಿತು. ಹಾಗೆ ಅಂದಿರುವಂಥವಳೇ ತಾನು. ಬಸ್ಸು ಪೇಟೆಯೊಳಕ್ಕೆ ಬಂದು ಹೋಟೆಲಿನ ಮುಂದೆ ನಿಂತಿತ್ತು. ಪೀಪಿ ಊದಿದ. ಜನ ಎದ್ದು, ಮೈಮುರಿದು, ಚೀಲಗಳನ್ನೆತ್ತಿಕೊಂಡು ಇಳಿಯತೊಡಗಿದರು. ಇಳಿಯುವವರಿಗೆ ಕೈಕುಲುಕಿ ಬೀಳ್ಕೊಡಬೇಕಾದವಳು ಫೋನು ಕಿವಿಗೊತ್ತಿಕೊಂಡು ಸೀಟಿನಲ್ಲೇ ಕೂತಿದ್ದಳು. ಒಬ್ಬಿಬ್ಬರು ಅವಳ ಮಂಡಿಗೆ ಚೀಲ ತಾಗಿಸಿಕೊಂಡು ಹೋದರು. ಅವನೂ ಕುಂಟುತ್ತ ಹೋದ, ಅವಳು ತಲೆಯೆತ್ತಲಿಲ್ಲ. ಅಕ್ಕ ಫೋನು ಇಟ್ಟಿರಲಿಲ್ಲ. ಉಸಿರಾಟ ಕೇಳುತ್ತಿತ್ತು. ಇಡಲಿ, ಅವಳೇ ಇಡಲಿ, ನಾನು ಇಡುವುದಿಲ್ಲ ಎಂದುಕೊಂಡು ಅವಳು ಕಾದಳು.

"ಎಷ್ಟು ಹೊತ್ತು ಕೂಡಿಹಾಕಿದ್ದೆ ಅವನನ್ನ?" ಎಂದು ಅಕ್ಕ ಕೇಳಿದಳು.

"ಗಡಿಯಾರದ ಕಥೆ ಹೇಳಿ ಮುಗಿಸೋವರೆಗೂ."

"ದೀಪ ಆರಿಸಿದ್ದೆಯಾ?"

"ಆರಿಸಿದ್ದೆ."

ಅತ್ತ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಸಾಲ್ದು," ಎಂದಳು ಅಕ್ಕ.